ಅಕ್ಕ ಟಾಕಿಯಲ್ಲಿ ಸತ್ತ ಮೇಲೆ

ನಮ್ಮ ಅಪ್ಪಯ್ಯ ತೀರ್ಥಹಳ್ಳಿಯಲ್ಲಿ ದೋಣಿ ನಡೆಸುತ್ತಿದ್ದರು. ತುಂಗೆಗೆ ಆಗಿನ್ನೂ ಸೇತುವೆ ಬಂದಿರಲಿಲ್ಲ. ಸಾಗರ, ಹೊಸನಗರದ ಕಡೆಯಿಂದ ಬರುವ ಬಸ್ಸು ಊರ ಬದಿಯ ದಡದಲ್ಲಿ ನಿಲ್ಲುತ್ತಿತ್ತು. ಆಚೆ ಹೋಗಬೇಕಾದವರು ಅಲ್ಲಿ ಇಳಿದು ನಮ್ಮ ದೋಣಿ ಹತ್ತುತ್ತಿದ್ದರು. ನಮ್ಮ ಮನೆ ಊರಿನ ಎದುರು ದಡದಲ್ಲಿ ಇತ್ತು. ಅಪ್ಪಯ್ಯ, ಅವ್ವ, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ, ನಾನು. ಗಂಡುಮಕ್ಕಳಿಲ್ಲದ್ದರಿಂದ ಅಪ್ಪಯ್ಯ ಅಕ್ಕನಿಗೇ ಹುಟ್ಟು ಹಾಕುವುದನ್ನು ಕಲಿಸಿದ್ದರು. ಈಜನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಬೇಸಿಗೆಯಲ್ಲಿ ಅವಳು ಅವ್ವನ ಕಣ್ಣು ತಪ್ಪಿಸಿ ಹೊಳೆಗೆ ಬಿದ್ದರೆ ನಡುಬಂಡೆ ಮುಟ್ಟಿ ಬರುತ್ತಿದ್ದಳು. ನಾನು ದಡದಲ್ಲಿ ಅವಳ ಒಣ ಸೀರೆ ಹಿಡಿದು ಕಾಯುತ್ತಿದ್ದೆ.

ಅಕ್ಕನನ್ನು ಸಾಗರದಲ್ಲಿದ್ದ ಸೋದರತ್ತೆಯ ಕಿರಿಯ ಮಗನಿಗೆ ಕೊಡುವುದೆಂದು ಚಿಕ್ಕಂದಿನಲ್ಲೇ ಮಾತಾಗಿತ್ತು. ಭಾವ ಬಸ್ಸಿನ ಕಂಡಕ್ಟರು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರುವ ಬಸ್ಸೇ ಅವನದು. ಬಸ್ಸು ತಿರುಗಿ ಹೊರಡಲು ಎರಡು ಗಂಟೆ ಇದ್ದರೆ ಅವನು ದೋಣಿ ದಾಟಿ ನಮ್ಮ ಮನೆಗೆ ಬಂದು, ಅವ್ವ ಕೊಟ್ಟ ಗಂಜಿ ಉಂಡು ಹೋಗುತ್ತಿದ್ದ. ಹೆಚ್ಚು ಮಾತಿನವನಲ್ಲ. ಬಂದವನು ಅಡಿಗೆಮನೆಯ ಬಾಗಿಲಿಗೆ ಒರಗಿ ಕೂತು, ಅಕ್ಕ ಏನು ಮಾಡುತ್ತಿದ್ದರೂ ಅದನ್ನೇ ನೋಡುತ್ತಿದ್ದ. ಅಕ್ಕ ಅವನನ್ನು ಗೇಲಿ ಮಾಡುತ್ತಿದ್ದಳು. "ಭಾವ, ಬಸ್ಸಿನಲ್ಲಿ 'ರೈಟ್' ಅನ್ನಕ್ಕಾದ್ರೂ ನಿಂಗೆ ಬಾಯಿ ಬರ್ತದಾ?" ಅಂದರೆ ಅವನು ನಕ್ಕು ತಲೆ ಕೆರೆದುಕೊಳ್ಳುತ್ತಿದ್ದ. ಅವಳಿಗೆ ಅವನೆಂದರೆ ಪ್ರಾಣ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಯುದ್ಧದ ಸುದ್ದಿ ಪೇಪರಿನಲ್ಲಿ ಬರತೊಡಗಿದ್ದ ಕಾಲ. ಕನ್ನಡದಲ್ಲಿ ಮಾತಾಡುವ ಚಿತ್ರಗಳು ಶುರುವಾಗಿ ಹೆಚ್ಚು ವರ್ಷವಾಗಿರಲಿಲ್ಲ, ಬರುತ್ತಿದ್ದುದೂ ಅಪರೂಪಕ್ಕೆ ಒಂದೊಂದು. ಆ ವರ್ಷ ಚಳಿಗಾಲ ಕಳೆಯುತ್ತಿದ್ದಂತೆ ಅಂಥದೊಂದು ಚಿತ್ರದ ಕಂಪನಿಯವರು ನಮ್ಮೂರಿಗೆ ಬಂದು ಛತ್ರದಲ್ಲಿ ಇಳಿದರು. ಒಳಗಿನ ದೃಶ್ಯಗಳನ್ನೆಲ್ಲ ಎಲ್ಲೋ ದೂರದ ಸ್ಟುಡಿಯೋದಲ್ಲಿ ತೆಗೆದು, ಹೊಳೆಯ ಭಾಗಕ್ಕೆ ಮಾತ್ರ ಇಲ್ಲಿಗೆ ಬಂದಿದ್ದರು. ದೋಣಿ ಹತ್ತುವ ಊರ ಕಡವಿನಲ್ಲಿ ಕ್ಯಾಮೆರಾ ಇಟ್ಟರೆ ಜನ ಮುತ್ತಿಕೊಳ್ಳುತ್ತಾರೆಂದು, ಹೊಳೆಯ ಮೇಲುಭಾಗದ ಒಂದು ತಿರುವನ್ನು ಹುಡುಕಿ, ನಾಲ್ಕು ದಿನಕ್ಕೆ ಅಪ್ಪಯ್ಯನ ಚಿಕ್ಕ ದೋಣಿಯನ್ನು ಗೊತ್ತುಮಾಡಿಕೊಂಡರು. ಸ್ಕೂಲಿಗೆ ಚಕ್ಕರ್ ಹೊಡೆದು ನಾನೂ ದೋಣಿ ಹತ್ತಿದೆ. ಅವ್ವ ಮನೆಯಲ್ಲಿರಲಿಲ್ಲ. ತಂಗಿಯ ಬಾಣಂತನಕ್ಕೆಂದು ಹೊಸನಗರದ ಹತ್ತಿರದ ಹಳ್ಳಿಗೆ ಹೋಗಿದ್ದಳು.

ಚಿತ್ರದ ಕತೆ ಇಷ್ಟು. ಒಬ್ಬ ಹುಡುಗಿಗೆ ಊರಿನ ಬಡ ಹಾಡುಗಾರನ ಮೇಲೆ ಮನಸ್ಸು. ತಂದೆ ಅವಳನ್ನು ಶ್ರೀಮಂತರ ಮನೆಗೆ ಕೊಡಲು ನಿಶ್ಚಯಿಸುತ್ತಾನೆ. ಮುಹೂರ್ತದ ಹೊತ್ತಿಗೆ ಅವಳು ಮದುವೆಯ ಸೀರೆಯಲ್ಲೇ ಹಿತ್ತಿಲ ಬಾಗಿಲಿನಿಂದ ಓಡಿ ಹೊಳೆಗೆ ಹಾರುತ್ತಾಳೆ. ಹಾಡುಗಾರ ಬಂದು ನೋಡುವಾಗ ಹೆಣ ತೇಲುತ್ತಿರುತ್ತದೆ.

ಹುಡುಗಿಯ ಪಾತ್ರ ಮಾಡುತ್ತಿದ್ದಾಕೆ ನಾಟಕದ ಕಂಪನಿಯಿಂದ ಬಂದವರು. ಒಳ್ಳೆಯ ಹೆಂಗಸು. ಆದರೆ ನೀರೆಂದರೆ ಆಕೆಗೆ ವಿಪರೀತ ಭಯ. ಎರಡು ದಿನ ಪ್ರಯತ್ನಪಟ್ಟರು, ಮೊಣಕಾಲು ಮುಳುಗುವಷ್ಟರಲ್ಲಿ ಆಕೆ ನಡುಗಿ ದಡಕ್ಕೆ ಬರುತ್ತಿದ್ದರು. ಕೊನೆಗೆ ಡೈರೆಕ್ಟರು ಅಪ್ಪಯ್ಯನ ಬಳಿ ಬಂದು ಕೇಳಿದರು.

"ಯಜಮಾನ್ರೇ, ನಿಮ್ಮ ಕಡೆ ಈಜು ಬಲ್ಲ ಹೆಂಗಸರು ಯಾರಾದ್ರೂ ಇದ್ದಾರಾ? ದೂರದಿಂದ ತೆಗೀತೀವಿ. ಮುಖ ಕಾಣೋದಿಲ್ಲ."

"ಇಲ್ಲ ಸ್ವಾಮಿ," ಅಂದರು ಅಪ್ಪಯ್ಯ.

ದೋಣಿಯಲ್ಲಿ ಕೂತಿದ್ದ ನಾನು, "ನಮ್ಮಕ್ಕ ಈಜ್ತಾಳೆ," ಅಂದುಬಿಟ್ಟೆ.

ಅಪ್ಪಯ್ಯ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಆದರೆ ಸಂಜೆ ಮನೆಯಲ್ಲಿ ವಿಷಯ ತಿಳಿದಾಗ ಅಕ್ಕ ಕುಣಿದಾಡಿದಳು. ಅವಳು ಅದುವರೆಗೆ ಒಂದು ಚಿತ್ರವನ್ನೂ ನೋಡಿದವಳಲ್ಲ. "ಹೊಳೆಗೆ ಹಾರೋದು, ಅಲ್ಲಾಡ್ದೆ ತೇಲೋದು. ಇಷ್ಟೇ ಅಲ್ದಾ ಅಪ್ಪಯ್ಯ? ದಿನಾ ಮಾಡೋದೇಯ," ಎಂದು ಗೋಗರೆದಳು. ಅಪ್ಪಯ್ಯ ಅವಳಿಗೆ ಇಲ್ಲ ಅಂದದ್ದನ್ನು ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಆ ನಟಿಯೇ ಒಂದು ಬಂಡೆಯ ಮರೆಯಲ್ಲಿ ಅಕ್ಕನಿಗೆ ಸೀರೆ ಉಡಿಸಿದರು. ಕೈತುಂಬ ಹಸಿರು ಬಳೆ, ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ. ಕೊನೆಗೆ ಬಾಸಿಂಗ ಕೈಗೆತ್ತಿಕೊಂಡವರು ಕೇಳಿದರು.

"ನಿನಗೆ ಮದುವೆ ಗೊತ್ತಾಗಿದೆಯೇನಮ್ಮ?"

"ಹೂಂ. ಬರೋ ವರ್ಷ."

ಆಕೆಯ ಕೈ ನಿಂತಿತು. ಬಾಸಿಂಗವನ್ನು ಹಿಡಿದುಕೊಂಡೇ ಡೈರೆಕ್ಟರ ಬಳಿ ಹೋಗಿ ಏನೋ ಹೇಳಿದರು. ಅವರು ತಲೆಯಾಡಿಸಿದರು. ಸ್ಟುಡಿಯೋದಲ್ಲಿ ತೆಗೆದ ಭಾಗದಲ್ಲಿ ಬಾಸಿಂಗ ಇದೆ, ಇಲ್ಲಿ ಇಲ್ಲದಿದ್ದರೆ ಹೊಂದುವುದಿಲ್ಲವಂತೆ. ಅಪ್ಪಯ್ಯನೂ ಹತ್ತಿರ ಹೋದರು.

"ಬಾಸಿಂಗ ಬೇಕೇ ಬೇಕಾ ಸ್ವಾಮಿ? ಮದುವೆ ಆಗ್ಬೇಕಾದ ಹುಡುಗಿ."

"ಬರೀ ಆಟ, ಯಜಮಾನ್ರೇ. ಕಾಗದದ್ದು."

ಅಕ್ಕ ನಕ್ಕಳು. "ಕಾಗದದ್ದಂತೆ ಅಪ್ಪಯ್ಯ. ನೀವು ದೋಣಿ ಹತ್ರ ಹೋಗಿ," ಅಂದಳು.

ಅವಳು ಬಂಡೆಯಿಂದ ಹಾರಿದಳು. ಮುಳುಗಿ ಎದ್ದು, ಅಂಗಾತ ತಿರುಗಿ, ಕೂದಲು ಮುಖದ ಮೇಲೆ ಬರುವಂತೆ ಬಿಟ್ಟುಕೊಂಡು ತೇಲಿದಳು. ಅವಳು ಉಸಿರಾಡುವುದು ನಮಗೆ ಕಾಣುತ್ತಿರಲಿಲ್ಲ. ಹಸಿರು ಬಳೆಯ ಒಂದು ಕೈ ನೀರಿನಲ್ಲಿ ಸೋತು ಬಿದ್ದಿತ್ತು. ಅಷ್ಟು ಹೊತ್ತು ಅಲ್ಲಾಡದೆ ಇದ್ದಳು. ನಾನು ಲಂಗದ ಅಂಚನ್ನು ಕಚ್ಚಿ ಹಿಡಿದಿದ್ದೆ. ಅಪ್ಪಯ್ಯ ಬಂಡೆಯ ಹಿಂದೆ ದೋಣಿಯಲ್ಲಿ ನಿಂತೇ ಇದ್ದರು. ಡೈರೆಕ್ಟರು ಕೈಯೆತ್ತಿದ ಕೂಡಲೇ ಅವರು ದೋಣಿ ತಳ್ಳಿಕೊಂಡು ಹೋದ ರಭಸಕ್ಕೆ ಅಕ್ಕನೇ, "ಎಂತ ಅಪ್ಪಯ್ಯ, ನಾ ಹೋಗ್ಬಿಟ್ಟೆ ಅಂದ್ಕಂಡ್ರಾ?" ಎಂದು ನಗಾಡಿದಳು. ಅಪ್ಪಯ್ಯ ನಗಲಿಲ್ಲ. ಅವಳ ಹಣೆಯಿಂದ ಆ ಒದ್ದೆ ಕಾಗದವನ್ನು ಕಿತ್ತು ತೆಗೆದರು.

ನೋಡುವವರು ನಟಿಯೇ ನೀರಿಗೆ ಬಿದ್ದರೆಂದು ನಂಬಬೇಕು, ಯಾರಿಗೂ ಹೇಳಬೇಡಿ ಎಂದು ಕಂಪನಿಯವರು ಕೇಳಿಕೊಂಡರು. ಹೇಳುವ ಇಚ್ಛೆ ನಮಗೂ ಇರಲಿಲ್ಲ. ಮನೆಗೆ ಬರುವಾಗ ಅಪ್ಪಯ್ಯ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಅವ್ವಂಗೂ ಹೇಳ್ಬ್ಯಾಡ, ಸಾಗರದವ್ರಿಗಂತೂ ಬ್ಯಾಡ್ವೇ ಬ್ಯಾಡ," ಅಂದರು. ನಾನು ದೇವರ ಮೇಲೆ ಆಣೆಯಿಟ್ಟೆ. ಇಡೀ ಒಂದು ವರ್ಷ ಉಳಿಸಿಕೊಂಡೆ ಕೂಡ.

ಮುಂದಿನ ವರ್ಷ ಮದುವೆಗೆ ಎರಡು ತಿಂಗಳಿರುವಾಗ ಅತ್ತೆ ನಮ್ಮನ್ನು ಸಾಗರಕ್ಕೆ ಕರೆಸಿಕೊಂಡಳು. ಧಾರೆಸೀರೆಯನ್ನು ಹುಡುಗಿಯೇ ಆರಿಸಲಿ ಎಂಬ ಆಸೆ ಅವಳಿಗೆ. ಅಪ್ಪಯ್ಯ ದೋಣಿ ಬಿಟ್ಟು ಬರುವ ಹಾಗಿರಲಿಲ್ಲ. ಅವ್ವ, ಅಕ್ಕ, ನಾನು ಹೋದೆವು. ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವಳ ಹಿರಿಯ ಸೊಸೆ ಮದುವೆಯಾಗಿ ವರ್ಷ ತುಂಬುವ ಮೊದಲೇ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಕಾಲು ಜಾರಿ ಸತ್ತಿದ್ದಳು. ಅದಾದ ಮೇಲೆ ಹಿರಿಯ ಮಗ ಮನೆ ಬಿಟ್ಟು ಎಲ್ಲೋ ಹೋದವನು ತಿರುಗಿ ಬಂದಿರಲಿಲ್ಲ. ಅತ್ತೆ ಅಕ್ಕನನ್ನು ಮುಟ್ಟಿ ಮುಟ್ಟಿ ಮಾತಾಡಿಸುತ್ತಿದ್ದಳು. ಅವಳಿಗೆ ಆ ಮನೆಯಲ್ಲಿ ಮತ್ತೆ ಒಂದು ಸೊಸೆಯ ಬಳೆಯ ಸದ್ದು ಬೇಕಾಗಿತ್ತು.

ಸಾಗರದಲ್ಲಿ ಆಗ ಟೂರಿಂಗ್ ಟಾಕೀಸಿನವರು ಟೆಂಟು ಹಾಕಿದ್ದರು. ಅವರ ಕರಪತ್ರಗಳನ್ನು ಭಾವ ತನ್ನ ಬಸ್ಸಿನಲ್ಲಿ ಊರೂರಿಗೆ ಒಯ್ದು ಹಂಚುತ್ತಿದ್ದ. ಆ ಗುರುತಿನ ಮೇಲೆ ನಮಗೆಲ್ಲ ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಜಾಗ ಮಾಡಿಸಿದ. ಕರಪತ್ರ ನೋಡಿದ ಕೂಡಲೇ ಅಕ್ಕನ ಮುಖ ಬಿಳಿಚಿಕೊಂಡಿತು. ಅದೇ ಚಿತ್ರ. "ತಲೆನೋವು, ನಾ ಬರಲ್ಲ," ಅಂದಳು. ಅತ್ತೆ ಬಿಡಬೇಕಲ್ಲ. "ನಿಂಗೋಸ್ಕರ ಅಲ್ವೇನೇ ಮಗ ಜಾಗ ಹಿಡ್ದಿರೋದು," ಎಂದು ತಾನೇ ಅವಳ ಜಡೆ ಹೆಣೆದು ಹೂ ಮುಡಿಸಿದಳು. ದಾರಿಯಲ್ಲಿ ಅಕ್ಕ ನನ್ನ ಕೈ ಅದುಮಿ, "ಬಾಯಿ ಬಿಡ್ಬ್ಯಾಡ," ಅಂದಳು. "ಇಲ್ಲ," ಅಂದೆ.

ಕತ್ತಲಾಗುತ್ತಿದ್ದಂತೆ ಮೊದಲ ಆಟ ಶುರುವಾಯಿತು. ಜನ ಹಾಡಿಗೆ ತಲೆದೂಗಿದರು, ಹುಡುಗಿಯ ತಂದೆಯನ್ನು ಬೈದರು. ಮದುವೆಮನೆಯಿಂದ ಹುಡುಗಿ ಓಡಿದಳು, ನಟಿಯ ಮುಖ ಒಮ್ಮೆ ದೊಡ್ಡದಾಗಿ ಕಂಡಿತು, ಆಮೇಲೆ ನಮ್ಮ ಹೊಳೆ ಬಂತು. ನಮ್ಮ ಬಂಡೆ, ನಮ್ಮ ತಿರುವು. ಅಕ್ಕ ಹಾರಿದಳು. ತೇಲಿದಳು. ಟೆಂಟಿನಲ್ಲಿ ಹೆಂಗಸರೆಲ್ಲ ಬಿಕ್ಕತೊಡಗಿದರು. ನನ್ನ ಪಕ್ಕದಲ್ಲಿ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿ, "ಅಯ್ಯೋ ಮಗಳೇ, ಅಯ್ಯೋ ಮಗಳೇ," ಎಂದು ಮೈಯೆಲ್ಲ ಅಲುಗುವ ಹಾಗೆ ಅಳುತ್ತಿದ್ದಳು. ಅವಳು ಯಾರನ್ನು ನೆನೆದು ಅಳುತ್ತಿದ್ದಾಳೆಂದು ತಿಳಿಯುವ ವಯಸ್ಸು ನನ್ನದಾಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಳಬ್ಯಾಡಿ ಅತ್ತೆ," ಅಂದೆ. "ಅವಳು ಸತ್ತಿಲ್ಲ. ಅದು ನಮ್ಮಕ್ಕ."

ಸಮಾಧಾನ ಮಾಡಲೆಂದೇ ಹೇಳಿದೆ. ಸ್ವಲ್ಪ ಜಂಬವೂ ಇತ್ತು, ಇಲ್ಲವೆನ್ನಲಾರೆ.

ಅತ್ತೆಯ ಅಳು ನಿಂತಿತು. ಸೆರಗು ತೆಗೆದು ಪರದೆ ನೋಡಿದಳು, ಅಕ್ಕನನ್ನು ನೋಡಿದಳು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಬೇರೆ ಸಾಕ್ಷಿ ಬೇಕಿರಲಿಲ್ಲ. ಅತ್ತೆ ಎದ್ದು ನಿಂತು ಮಗನಿಗೆ, "ಏಳು," ಅಂದಳು. ಭಾವ ಎದ್ದ. ಒಂದು ಕ್ಷಣ ಅಕ್ಕನ ಕಡೆ ನೋಡಿದ, ಆಮೇಲೆ ತಾಯಿಯ ಹಿಂದೆ ನಡೆದ. ನಾವು ಮೂವರೂ ಅವರ ಹಿಂದೆ ಪೇಟೆಯ ಬೀದಿಯಲ್ಲಿ ಮನೆಯವರೆಗೆ ಬಂದೆವು. ಅವ್ವನಿಗೆ ಏನಾಗಿದೆಯೆಂದೇ ಪೂರ್ತಿ ಅರ್ಥವಾಗಿರಲಿಲ್ಲ.

ಬೆಳಿಗ್ಗೆ ಜಗಲಿಯಲ್ಲಿ ಅತ್ತೆ ಅವ್ವನನ್ನು ಕೂರಿಸಿಕೊಂಡು ಮಾತೆತ್ತಿದಳು. ಅವಳ ದನಿ ಏರಲಿಲ್ಲ. ಜಗಳವಾಡಿದ್ದರೆ ಅವ್ವನಿಗೆ ಸುಲಭವಾಗುತ್ತಿತ್ತು.

"ಬಾಸಿಂಗ ಕಟ್ಕಂಡು ಹೊಳೇಲಿ ಹೆಣ ಆಗಿ ತೇಲಿದಾಳೆ. ಊರೆಲ್ಲ ಕೂತು ಅತ್ತಿದೆ, ನಾನೂ ಅತ್ತಿದೀನಿ. ಈಗ ಅದೇ ಹಣೆಗೆ ನಾನು ಬಾಸಿಂಗ ಕಟ್ಟಲಾ? ನೀನೇ ಹೇಳು."

"ಹುಡುಗಾಟಕ್ಕೆ ಮಾಡಿದಾಳೆ ಅತ್ತಿಗೆ. ನಂಗೂ ಗೊತ್ತಿರ್ಲಿಲ್ಲ. ದೇವ್ರಾಣೆ."

"ಒಬ್ಬಳನ್ನ ನೀರಿಗೆ ಕೊಟ್ಟು ಕೂತಿದೀನಿ. ಇನ್ನೊಬ್ಬಳನ್ನ ಕೊಡಕ್ಕೆ ನನ್ ಕೈಲಿ ಆಗಲ್ಲ. ನನ್ ತಮ್ಮ ಅಲ್ಲೇ ನಿಂತು ನೋಡ್ತಿದ್ನಾ? ಅವ್ನಿಗೆ ಹೆಂಗೆ ಮನ್ಸು ಬಂತು?"

ಭಾವ ಅಂಗಳದಲ್ಲಿ ಖಾಕಿ ಅಂಗಿಯ ಗುಂಡಿ ಹಾಕುತ್ತ ನಿಂತಿದ್ದ. ಎಲ್ಲವೂ ಅವನಿಗೆ ಕೇಳುತ್ತಿತ್ತು. ಅಕ್ಕ ಒಳಗಿನ ಬಾಗಿಲಿನಿಂದ ಅವನನ್ನೇ ನೋಡುತ್ತಿದ್ದಳು. ಅವನು ಗುಂಡಿ ಹಾಕಿ ಮುಗಿಸಿ, ಟಿಕೆಟಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದ.

ನಾವು ಊರಿಗೆ ಮರಳಬೇಕಾದದ್ದೂ ಅದೇ ಬಸ್ಸಿನಲ್ಲಿ. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು, ಏರು ಬಂದರೆ ನಿಂತುಬಿಡುತ್ತಿತ್ತು. ಹೊಸನಗರ ದಾಟಿದ ಮೇಲೆ ಒಂದು ಏರಿನಲ್ಲಿ ಎಲ್ಲರನ್ನೂ ಇಳಿಸಿದರು. ಗಂಡಸರು ಹಿಂದಿನಿಂದ ತಳ್ಳಿದರು, ಹೆಂಗಸರು ನಡೆದರು. ಮೇಲೆ ಹೋಗಿ ಡ್ರೈವರು ಇದ್ದಿಲು ಕೆದಕುತ್ತಿರುವಾಗ ಅಕ್ಕ ನೆಟ್ಟಗೆ ಭಾವನ ಹತ್ತಿರ ಹೋದಳು. ನಾನು ಅವಳ ಬೆನ್ನಿಗೇ ಇದ್ದೆ.

"ನೀ ಒಂದು ಮಾತೂ ಆಡ್ಲಿಲ್ಲ," ಅಂದಳು.

"ನಮ್ಮವ್ವ ಹೆದ್ರಿದಾಳೆ. ಸ್ವಲ್ಪ ದಿನ ಹೋಗ್ಲಿ."

"ನಿಂಗೂ ಹೆದ್ರಿಕೆನಾ?"

"ಕಣ್ಣು ಮುಚ್ಚಿದ್ರೆ ಅದೇ ಕಾಣ್ತದೆ," ಅಂದ. "ನೀ ಎದುರಿಗೆ ನಿಂತಿದ್ರೂ ಅದೇ ಕಾಣ್ತದೆ. ನಾ ಏನ್ ಮಾಡ್ಲಿ?"

ಅಕ್ಕ ಮತ್ತೆ ಬಸ್ಸು ಹತ್ತಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ತೀರ್ಥಹಳ್ಳಿಯವರೆಗೂ ಅಳಲಿಲ್ಲ. ದೋಣಿಯಲ್ಲಿ ಅಪ್ಪಯ್ಯನ ಮುಖ ಕಂಡ ಮೇಲೆ ಅತ್ತಳು.

ಅಪ್ಪಯ್ಯ ಮೂರು ಸಲ ಸಾಗರಕ್ಕೆ ಹೋಗಿ ಬಂದರು. ಮೂರನೆಯ ಸಲ ಅತ್ತೆ ಅವರಿಗೆ ಊಟ ಬಡಿಸಿದಳಂತೆ, ಮದುವೆಯ ಮಾತಿಗೆ ಮಾತ್ರ ಉತ್ತರ ಕೊಡಲಿಲ್ಲವಂತೆ. ನಿಶ್ಚಯವಾದ ಮದುವೆ ಮುರಿದರೆ ಕಾರಣ ಊರಿಗೆ ಗೊತ್ತಾಗದೆ ಇರುತ್ತದೆಯೇ? ದೋಣಿಯಲ್ಲಿ ಕೂತ ಹೆಂಗಸರು ಅಕ್ಕನನ್ನು ಒಂದು ಥರ ನೋಡತೊಡಗಿದರು. ಬೇರೆ ಎರಡು ಕಡೆಯಿಂದ ಬಂದ ಮದುವೆಯ ಮಾತುಗಳೂ ಅಲ್ಲಲ್ಲೇ ನಿಂತವು. ಅವ್ವ ಅಪ್ಪಯ್ಯನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯಬೇಕಾದರೂ, "ನಿಮ್ಮಪ್ಪಂಗೆ ಎಲೆ ಹಾಕಿದೆ ಅನ್ನು," ಎಂದು ನನ್ನ ಮೂಲಕ ಹೇಳಿಸುತ್ತಿದ್ದಳು. ನನ್ನನ್ನು ಮಾತ್ರ ಯಾರೂ ಬೈಯಲಿಲ್ಲ. ಬೈದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಒಂದು ದಿನ ನಾನಾಗಿಯೇ, "ಅಕ್ಕ, ನಂದೇ ತಪ್ಪು," ಅಂದೆ. ಅವಳು ನನ್ನ ತಲೆಯಲ್ಲಿ ಹೇನು ನೋಡುತ್ತಿದ್ದಳು. "ಸುಮ್ನೆ ಕೂತ್ಕ, ಅಲ್ಲಾಡ್ಬ್ಯಾಡ," ಅಂದಳು, ಅಷ್ಟೇ.

ಆ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಎದೆಯ ಕಾಯಿಲೆ ಶುರುವಾಯಿತು. ಹೊಳೆ ಇಳಿದ ಮೇಲೆ ದೋಣಿಯ ಕೆಲಸ ಬಹುಪಾಲು ಅಕ್ಕನೇ ಮಾಡುತ್ತಿದ್ದಳು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಭಾವ ಬಂದ. ಬಸ್ಸಿನಿಂದ ಇಳಿದವನು ದೋಣಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಹತ್ತಿದ. ನಾನು ಸ್ಕೂಲಿನಿಂದ ಮನೆಗೆ ಹೊರಟಿದ್ದೆ, ಮುಂದಿನ ಹಲಗೆಯ ಮೇಲೆ ಕೂತಿದ್ದೆ. ನಡುಹೊಳೆಗೆ ಬಂದ ಮೇಲೆ ಅವನು ಮಾತೆತ್ತಿದ.

"ನಮ್ಮವ್ವ ಒಪ್ಪಿದಾಳೆ," ಅಂದ. "ಭಟ್ರನ್ನ ಕೇಳಿದ್ವಿ. ಒಂದು ಶಾಂತಿ ಮಾಡಿಸಿದ್ರೆ ದೋಷ ಹೋಗ್ತದಂತೆ."

ಅಕ್ಕ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. "ಯಾರಿಗೆ ಶಾಂತಿ? ನಂಗೆ ಏನಾಗಿದೆ?"

"ಅವ್ವನ ಸಮಾಧಾನಕ್ಕೆ."

"ಅವ್ವನ ಮೇಲೆ ಹಾಕ್ಬೇಡಿ. ನಿಮಗೆ ಸಮಾಧಾನ ಆಗಿದೆಯಾ, ಅದು ಹೇಳಿ. ನನ್ ಮುಖ ನೋಡಿದ್ರೆ ಈಗ ಏನು ಕಾಣ್ತದೆ?"

ಹುಟ್ಟಿದಾಗಿನಿಂದ 'ನೀನು' ಅನ್ನುತ್ತಿದ್ದವಳು 'ನೀವು' ಅಂದದ್ದು ಅವನಿಗೂ ತಾಗಿತು. ಅವನು ಅವಳ ಮುಖ ನೋಡಲು ಪ್ರಯತ್ನಿಸಿದ. ನಾನು ಕಣ್ಣಾರೆ ಕಂಡೆ, ಅವನು ನಿಜವಾಗಿಯೂ ಪ್ರಯತ್ನಿಸಿದ. ನೋಟ ನಿಲ್ಲಲಿಲ್ಲ, ನೀರಿನ ಕಡೆ ಜಾರಿತು.

"ಶಾಂತಿ ಆದ್ಮೇಲೆ ಹೆದ್ರಿಕೆ ಹೋಗ್ಬೋದು," ಅಂದ.

"ಹೋಗ್ದಿದ್ರೆ? ಹೆದ್ರುವ ಗಂಡನ ಜೊತೆ ಒಂದು ಮನೇಲಿ ಇರಕ್ಕೆ ನನ್ ಕೈಲಿ ಆಗಲ್ಲ, ಭಾವ. ಟೆಂಟಲ್ಲಿ ಅತ್ತೆ ಏಳು ಅಂದ್ರು, ಎದ್ರಿ. ಕೂತ್ಕಳಿ ಅಂತ ನಾ ಹೆಂಗೆ ಹೇಳ್ಲಿ?"

ದೋಣಿ ನಮ್ಮ ದಡ ಮುಟ್ಟಿತು. ಅವನು ಇಳಿಯಲಿಲ್ಲ. ಅವಳು ನನ್ನನ್ನು ಇಳಿಸಿ, ದೋಣಿ ತಿರುಗಿಸಿ, ಅವನನ್ನು ಮತ್ತೆ ಊರ ದಡಕ್ಕೆ ಬಿಟ್ಟು ಬಂದಳು. ಹೋಗುವಾಗ ಏನಾದರೂ ಮಾತಾಡಿದರೋ ನನಗೆ ತಿಳಿಯದು. ಅವ್ವ ಈ ವಿಷಯ ಕೇಳಿ ಎದೆ ಬಡಿದುಕೊಂಡಳು. ತಾನಾಗಿ ಬಂದದ್ದನ್ನು ಒದ್ದಳು ಎಂದು ಅಕ್ಕನನ್ನು ಕೊನೆಯವರೆಗೂ ಅಂದಳು. ಭಾವ ಮರುವರ್ಷ ಆನಂದಪುರದ ಕಡೆಯ ಹುಡುಗಿಯನ್ನು ಮದುವೆಯಾದ. ಅಪ್ಪಯ್ಯ ಆ ಮದುವೆಗೆ ಹೋಗಲಿಲ್ಲ. ಅದಾದ ಎರಡನೆಯ ಬೇಸಿಗೆಯಲ್ಲಿ ತೀರಿಕೊಂಡರು.

ಅಕ್ಕನನ್ನು ಕೊನೆಗೆ ಮಂಡಗದ್ದೆಯ ಹತ್ತಿರದ ಒಬ್ಬ ವಿಧುರನಿಗೆ ಕೊಟ್ಟರು. ಮೊದಲ ಹೆಂಡತಿಯ ಇಬ್ಬರು ಮಕ್ಕಳಿದ್ದರು. ಕೆಟ್ಟವನಲ್ಲ. ಮರ ಕೊಯ್ಯುವ ಕೆಲಸ, ದಣಿದು ಬಂದು ಉಂಡು ಮಲಗುವ ಮನುಷ್ಯ. ಅವನು ಟಾಕಿ ನೋಡಿದವನೂ ಅಲ್ಲ, ಅದರ ಮಾತು ಕೇಳಿದಾಗ, "ಅದಕ್ಕೇನಂತೆ?" ಅಂದನಂತೆ. ಅಕ್ಕ ಆ ಮಕ್ಕಳನ್ನೂ ತನ್ನವನ್ನೂ ಸಾಕಿದಳು. ಮೊದಲಿನ ಗೇಲಿ, ನಗು ಮಾತ್ರ ಅವಳಲ್ಲಿ ನಾನು ಮತ್ತೆ ಕಾಣಲಿಲ್ಲ.

ನಾನು ಓದಿ ಹೊಸನಗರದಲ್ಲಿ ಟೀಚರ್ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಭಾವ ಸಿಕ್ಕಿದ. ಕಿವಿಯ ಹತ್ತಿರ ಕೂದಲು ನೆರೆತಿತ್ತು. ಊರಿನ ಸುದ್ದಿ, ಅತ್ತೆಯ ಮಂಡಿನೋವಿನ ಸುದ್ದಿ ಆಯಿತು. ಬಸ್ಸು ಹೊರಡುವಷ್ಟರಲ್ಲಿ ಅವನು ನನ್ನ ಕಡೆ ನೋಡದೆ ಹೇಳಿದ.

"ಆ ಟಾಕಿ ಶಿವಮೊಗ್ಗಕ್ಕೆ ಬಂದಾಗ ಹೋಗಿದ್ದೆ. ಭದ್ರಾವತೀಲೂ ನೋಡ್ದೆ. ಹೆದ್ರಿಕೆ ಹೋಗ್ಲಿ ಅಂತ ಹೋಗ್ತಿದ್ದೆ. ಹೋಯ್ತು. ಹೋಗೋ ಹೊತ್ತಿಗೆ ನಂದೂ ಅವಳ್ದೂ ಮದ್ವೆ ಆಗಿತ್ತು." ಆಮೇಲೆ ಅಂದ: "ಈಗೆಲ್ಲೂ ಆ ಟಾಕಿ ಬರಲ್ಲ."

ಅವನು ಬಾಗಿಲ ಬಳಿ ನಿಂತು ಬಸ್ಸಿಗೆ ರೈಟ್ ಹೇಳಿದ.

ಅದೇ ವರ್ಷ ಅಕ್ಕನ ಮೂರನೆಯ ಹೆರಿಗೆಗೆಂದು ರಜೆ ಹಾಕಿ ಹೋಗಿ ಒಂದು ತಿಂಗಳು ಅವಳ ಮನೆಯಲ್ಲಿದ್ದೆ. ಭಾವ ಅಂದದ್ದನ್ನು ಅವಳಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೇ ಹೋಗಿದ್ದೆ. ಒಂದು ಮಧ್ಯಾಹ್ನ ಅವಳು ಮಗುವಿಗೆ ಹಾಲು ಕೊಡುತ್ತ ತಾನಾಗಿಯೇ ಕೇಳಿದಳು.

"ಸಾಗರದ ಕಡೆಯವ್ರು ಯಾರಾದ್ರೂ ಸಿಕ್ಕಿದ್ರಾ?"

"ಇಲ್ಲ," ಅಂದೆ.

ಮಗು ನಿದ್ದೆ ಹೋದ ಮೇಲೆ ಅವಳು ಅದನ್ನು ನನ್ನ ಕೈಗೆ ಕೊಟ್ಟು, ದೊಡ್ಡ ಹುಡುಗ ಸ್ಕೂಲಿನಿಂದ ಬರುವ ಹೊತ್ತಾಯಿತು, ಅವನಿಗೆ ರೊಟ್ಟಿ ತಟ್ಟಬೇಕು ಎಂದು ಎದ್ದಳು. ನೀನು ಬಾಣಂತಿ, ನಾನು ತಟ್ಟುತ್ತೇನೆ ಅಂದರೂ ಕೇಳಲಿಲ್ಲ.